ಶಾಲೆಗಳಲ್ಲಿ ಮುಕ್ತ ಶೈಕ್ಷಣಿಕ ತಂತ್ರಾಂಶ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಉಪಯೋಗಕ್ಕಾಗಿ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ನಂತರ ಸದಸ್ಯರು ಮೂರು ಸಂಗತಿಗಳನ್ನು ತಿಳಿದಿರಬೇಕೆಂಬುದು ಅಪೇಕ್ಷೆ. ಮೊದಲನೆಯದು, ಉಚಿತ ತಂತ್ರಾಂಶಕ್ಕೂ ಮುಕ್ತ ತಂತ್ರಾಂಶಕ್ಕೂ ಇರುವ ವ್ಯತ್ಯಾಸ. ಎರಡನೆಯದು, ಹಣ ಕೊಡಬೇಕಿಲ್ಲದಿದ್ದರೂ ಅಂತಹ ತಂತ್ರಾಂಶವು ಶಾಲೆಗಳಲ್ಲಿ ಏಕೆ ಸುಲಭವಾಗಿ ನೆಲೆಯೂರುವುದಿಲ್ಲ ಎಂಬುದರ ಕಾರಣ. ಮೂರನೆಯದು, ಈ ವಿಷಯದಲ್ಲಿ ಗ್ರಾಮ ಪಂಚಾಯತಿಯು ತನ್ನ ಅಧಿಕಾರದ ಮಿತಿಯೊಳಗೆ ಮಾಡಬಹುದಾದ ಕೆಲಸ.

1. ಬೀಗ ಹಾಕಿದ ಕೊಠಡಿ

ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಕಟ್ಟಡದ ಮಾಳಿಗೆ, ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆ ಕೋಣೆ ಇವುಗಳನ್ನು ಪರಿಶೀಲಿಸುವುದು ವಾಡಿಕೆ. ಕಂಪ್ಯೂಟರ್ ಕೊಠಡಿಯ ಬೀಗ ತೆಗೆಸಿ ಒಳಗೆ ನೋಡುವುದು ಅಪರೂಪ. ನೋಡಿದಾಗಲೂ ಯಂತ್ರಗಳ ಸಂಖ್ಯೆಯನ್ನು ದಾಸ್ತಾನು ವಹಿಯೊಂದಿಗೆ ತಾಳೆ ಹಾಕಿ ಹೊರಬರುವುದೇ ಹೆಚ್ಚು. ಆ ಯಂತ್ರಗಳಲ್ಲಿ ಎಷ್ಟು ಚಾಲೂ ಆಗುತ್ತವೆ, ಚಾಲೂ ಆದವುಗಳಲ್ಲಿ ಮಕ್ಕಳು ಕಳೆದ ವಾರ ಏನು ಕಲಿತರು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಕೇಳಲ್ಪಡುವುದಿಲ್ಲ.

ಈ ಪ್ರಶ್ನೆಗಳನ್ನು ಈಗ ಕೇಳುವುದಕ್ಕೆ ವಿಶೇಷ ಕಾರಣವಿದೆ. ಬಹುಪಾಲು ಕಂಪ್ಯೂಟರ್‌ಗಳಲ್ಲಿ ಬಳಕೆಯಲ್ಲಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಅದರ ನಂತರದ ಆವೃತ್ತಿಯು ಕೆಲವು ವರ್ಷಗಳ ಹಿಂದಿನ ಅನೇಕ ಯಂತ್ರಗಳನ್ನು ಸ್ವೀಕರಿಸುವುದಿಲ್ಲ. ಯಂತ್ರ ಕೆಟ್ಟಿಲ್ಲ, ಆದರೆ ಅದರೊಳಗಿನ ತಂತ್ರಾಂಶಕ್ಕೆ ಸುರಕ್ಷತಾ ಪರಿಷ್ಕರಣೆ ದೊರೆಯುವುದಿಲ್ಲ. ಈ ಸ್ಥಿತಿಯಲ್ಲಿ ಶಾಲೆಯ ಮುಂದೆ ಎರಡು ದಾರಿಗಳಿವೆ. ಒಂದು, ಹಳೆಯ ಯಂತ್ರಗಳನ್ನು ನಿರುಪಯುಕ್ತವೆಂದು ಬರೆದು ಹೊಸ ಯಂತ್ರಗಳಿಗಾಗಿ ಅನುದಾನ ಕಾಯುವುದು. ಇನ್ನೊಂದು, ಅದೇ ಯಂತ್ರಗಳಲ್ಲಿ ಮುಕ್ತ ತಂತ್ರಾಂಶವನ್ನು ಅಳವಡಿಸಿ ಇನ್ನೂ ಕೆಲವು ವರ್ಷ ಮಕ್ಕಳ ಬಳಕೆಗೆ ಒದಗಿಸುವುದು. ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವಿಗೆ ಮೊದಲನೆಯ ದಾರಿಯಿಂದ ಹೆಚ್ಚಿನ ನಷ್ಟವಿಲ್ಲ. ಶಾಲೆಯಲ್ಲಿ ಮಾತ್ರ ಕಂಪ್ಯೂಟರ್ ಕಾಣುವ ಮಗುವು, ಅನುದಾನ ಬರುವ ಹೊತ್ತಿಗೆ ಶಾಲೆಯನ್ನೇ ಮುಗಿಸಿ ಹೋಗಿರುತ್ತದೆ.

2. ಉಚಿತವೆಂದರೇನು, ಮುಕ್ತವೆಂದರೇನು

ಹಣ ಕೊಡದೆ ದೊರೆಯುವುದೆಲ್ಲ ಒಂದೇ ಬಗೆಯದಲ್ಲ. ಸದಸ್ಯರು ಮೂರು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಮೊದಲನೆಯದು ಬೆಲೆಯಿಲ್ಲದ ತಂತ್ರಾಂಶ. ಬಳಸಲು ಹಣ ಬೇಕಿಲ್ಲ. ಆದರೆ ಅದರ ಒಳರಚನೆಯನ್ನು ನೋಡುವ ಅಥವಾ ಬದಲಿಸುವ ಹಕ್ಕು ಬಳಕೆದಾರರಿಗೆ ಸಿಗಬೇಕೆಂದಿಲ್ಲ.

ಎರಡನೆಯದು ಮುಕ್ತ ತಂತ್ರಾಂಶ. ಇದನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಒಳರಚನೆಯನ್ನು ಅಭ್ಯಸಿಸಿ ಬದಲಿಸುವ, ಪ್ರತಿಗಳನ್ನು ಇತರರಿಗೆ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರರಿಗೆ ಇರುತ್ತವೆ. ಈ ಚಿಂತನೆಗೆ ತಳಹದಿಯಾದ ಗ್ನೂ ಯೋಜನೆಯನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಪ್ರಕಟಿಸಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಲಿನಕ್ಸ್ ಅದಕ್ಕೆ ಸೇರಿ ಪೂರ್ಣ ಕಾರ್ಯಾಚರಣಾ ವ್ಯವಸ್ಥೆಯಾಯಿತು. ಉಬುಂಟು, ಡೆಬಿಯನ್ ಇವು ಅದರ ಪ್ರಸಿದ್ಧ ರೂಪಗಳು. ಸದಸ್ಯರ ಕಿಸೆಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳು ಸಹ ಲಿನಕ್ಸ್ ಆಗಿದೆ.

ಮೂರನೆಯದು ಉಚಿತವೆಂದು ಕರೆದುಕೊಳ್ಳುವ, ಆದರೆ ಮಗುವಿನ ಹೆಸರು, ದೂರವಾಣಿ ಸಂಖ್ಯೆ, ಕಲಿಕೆಯ ವಿವರಗಳನ್ನು ಪಡೆದುಕೊಂಡು ಮುಂದೆ ಶುಲ್ಕದ ಪಾಠಗಳನ್ನು ಮಾರಲು ಬರುವ ಆ್ಯಪ್. ಇಲ್ಲಿ ಬೆಲೆಯನ್ನು ಹಣದ ರೂಪದಲ್ಲಿ ಕೇಳಿಲ್ಲ, ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಅಗತ್ಯವೆಂದೂ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಕೂಡದೆಂದೂ, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ವಿಧಿಸುತ್ತದೆ. ಊರಿನ ಶಾಲೆಗೆ ಉಚಿತ ಆ್ಯಪ್ ನೀಡಲು ಯಾರಾದರೂ ಬಂದಲ್ಲಿ, ಮಕ್ಕಳ ಯಾವ ವಿವರಗಳನ್ನು ಪಡೆಯಲಾಗುತ್ತದೆ ಎಂಬುದನ್ನು ಮೊದಲು ಲಿಖಿತವಾಗಿ ಕೇಳತಕ್ಕದ್ದು.

3. ಕಾಸರಗೋಡಿನ ಕನ್ನಡ ಶಾಲೆಗಳು ಕಲಿಸುವ ಪಾಠ

ಮುಕ್ತ ತಂತ್ರಾಂಶವು ಕನ್ನಡ ಮಾಧ್ಯಮದ ಮಕ್ಕಳಿಗೆ ಹೊಂದುವುದೇ ಎಂಬ ಸಂಶಯಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವು ಕನ್ನಡದಲ್ಲಿದೆ. ಪ್ರಯೋಗಾಲಯದ ಯಂತ್ರಗಳಲ್ಲಿರುವುದು ಗ್ನೂ ಲಿನಕ್ಸ್. ಎಸ್ಸೆಸ್ಸೆಲ್ಸಿಯ ಮಾಹಿತಿ ತಂತ್ರಜ್ಞಾನ ಪರೀಕ್ಷೆಯನ್ನು ಮಕ್ಕಳು ಅದರಲ್ಲಿಯೇ ಬರೆಯುತ್ತಾರೆ.

ಕೇರಳ ಈ ಸ್ಥಿತಿಗೆ ಒಂದೇ ದಿನದಲ್ಲಿ ಬರಲಿಲ್ಲ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾದದ್ದು 2001ರಲ್ಲಿ. ಮೊದಲ ವರ್ಷಗಳಲ್ಲಿ ಪಠ್ಯವು ಖಾಸಗಿ ಒಡೆತನದ ತಂತ್ರಾಂಶವನ್ನೇ ಆಧರಿಸಿತ್ತು. ಶಿಕ್ಷಕರ ಸಂಘಟನೆಯೊಂದು ಅದನ್ನು ಪ್ರಶ್ನಿಸಿತು. ಕೆಲವು ಕಾಲ ಎರಡೂ ಬಗೆಯ ತಂತ್ರಾಂಶಗಳಿಗೆ ಅವಕಾಶ ನೀಡಲಾಯಿತು. 2008ರ ಹೊತ್ತಿಗೆ ಹತ್ತನೆಯ ತರಗತಿಯ ಪರೀಕ್ಷೆಯು ಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಬಂದಿತು. 2017ರಲ್ಲಿ ಈ ಯೋಜನೆಯು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ಮಾರ್ಪಟ್ಟಿತು.

ಈ ಬದಲಾವಣೆ ಉಳಿದು ಬಂದುದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಕಂಪ್ಯೂಟರ್ ಪಾಠವನ್ನು ಹೊರಗುತ್ತಿಗೆಯ ಬೋಧಕರ ಬದಲು ಶಾಲೆಯ ಶಿಕ್ಷಕರೇ ಮಾಡುವಂತಾಯಿತು. ಶಿಕ್ಷಕರೊಳಗಿಂದಲೇ ತರಬೇತುದಾರರನ್ನು ಆರಿಸಿ, ಯಂತ್ರ ಕೆಟ್ಟಾಗಲೂ ಪಾಠ ತೊಡಕಾದಾಗಲೂ ಕೇಳಬಹುದಾದ ಒಬ್ಬರು ಸಮೀಪದಲ್ಲಿರುವಂತೆ ಮಾಡಲಾಯಿತು. ಪಠ್ಯಪುಸ್ತಕ, ಪರೀಕ್ಷೆ ಮತ್ತು ಯಂತ್ರದಲ್ಲಿರುವ ತಂತ್ರಾಂಶ ಈ ಮೂರೂ ಒಂದಕ್ಕೊಂದು ಹೊಂದಿಕೊಂಡವು. ತಂತ್ರಾಂಶಕ್ಕೆ ಬೆಲೆಯಿಲ್ಲದಿರುವುದು ಸಹಾಯಕವಾಯಿತು. ಆದರೆ ಅದನ್ನು ನಿಲ್ಲಿಸಿದ್ದು ಈ ಮೂರು ಏರ್ಪಾಡುಗಳು.

4. ಕರ್ನಾಟಕದ ಅನುಭವ

ಕರ್ನಾಟಕದಲ್ಲಿ ಪ್ರಯತ್ನಗಳು ನಡೆದೇ ಇಲ್ಲವೆನ್ನುವಂತಿಲ್ಲ. ಕೇಂದ್ರ ಸರ್ಕಾರದ ಐಸಿಟಿ ಅಟ್ ಸ್ಕೂಲ್ಸ್ ಯೋಜನೆಯಡಿ ರಾಜ್ಯದ ಪ್ರೌಢಶಾಲೆಗಳಿಗೆ ಹಂತ ಹಂತವಾಗಿ ಕಂಪ್ಯೂಟರ್‌ಗಳು ಬಂದವು. ಆಗ ಅನುಸರಿಸಿದ ಮುಖ್ಯ ಪದ್ಧತಿಯೆಂದರೆ, ಕಂಪನಿಯೊಂದು ಪ್ರಯೋಗಾಲಯವನ್ನು ಸ್ಥಾಪಿಸಿ, ಬೋಧಕರನ್ನು ನೇಮಿಸಿ, ನಿಗದಿತ ಅವಧಿಯವರೆಗೆ ನಡೆಸಿ, ನಂತರ ಶಾಲೆಗೆ ಹಸ್ತಾಂತರಿಸುವುದು. ಅವಧಿ ಮುಗಿದಾಗ ಯಂತ್ರಗಳು ಶಾಲೆಯಲ್ಲಿ ಉಳಿದವು, ಕಲಿಸುವವರು ಹೊರಟುಹೋದರು. ಶಾಲೆಯ ಶಿಕ್ಷಕರಿಗೆ ಆ ಯಂತ್ರಗಳ ಪರಿಚಯವಾಗದೆ ಇದ್ದಲ್ಲಿ ಕೊಠಡಿಗೆ ಬೀಗ ಬೀಳುವುದು ಸಹಜವೇ ಆಗಿತ್ತು.

ಇದಕ್ಕೆ ಭಿನ್ನವಾದ ಪ್ರಯತ್ನವು 2011ರ ಸುಮಾರಿಗೆ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಡಿ ಆರಂಭವಾಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದೊಂದಿಗೆ ವಿಷಯ ಶಿಕ್ಷಕರ ವೇದಿಕೆಯನ್ನು ರೂಪಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಬುಂಟು ಮತ್ತು ಜಿಯೋಜೀಬ್ರಾದಂತಹ ಸಾಧನಗಳನ್ನು ಕಲಿತು, ತಮ್ಮ ಪಾಠಗಳನ್ನು ಪರಸ್ಪರ ಹಂಚಿಕೊಂಡರು. ಆ ಪಾಠಗಳನ್ನು ಒಂದೆಡೆ ಸೇರಿಸಲು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವು ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ ರೂಪುಗೊಂಡಿತು. ಮುಂದೆ ಟ್ಯಾಲ್ಪ್ ಎಂದು ಕರೆಯಲ್ಪಡುವ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದ ತರಬೇತಿಗಳಲ್ಲಿಯೂ ಮುಕ್ತ ತಂತ್ರಾಂಶಗಳಿಗೆ ಸ್ಥಾನ ದೊರೆಯಿತು.

ಆದ್ದರಿಂದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಈ ವಿಷಯ ಬಲ್ಲ ಶಿಕ್ಷಕರು ಇರುವ ಸಂಭವ ಹೆಚ್ಚು. ಅಂಥವರು ಯಾರೆಂಬುದನ್ನು ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಶಿಕ್ಷಕರು ವರ್ಗಾವಣೆಯಾದಾಗ ಕೌಶಲವೂ ಅವರೊಡನೆ ಹೊರಟುಹೋಗುವುದೇ ಇಲ್ಲಿನ ದೌರ್ಬಲ್ಯ. ಊರಿನಲ್ಲಿಯೇ ಉಳಿಯುವ ಸಂಸ್ಥೆಯೆಂದರೆ ಗ್ರಾಮ ಪಂಚಾಯತಿ.

ನೀತಿಯ ದೃಷ್ಟಿಯಿಂದ ಅಡ್ಡಿಯಿಲ್ಲ. 2012ರ ಶಾಲಾ ಶಿಕ್ಷಣದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ರಾಷ್ಟ್ರೀಯ ನೀತಿಯು ಮುಕ್ತ ತಂತ್ರಾಂಶಗಳಿಗೆ ಆದ್ಯತೆ ನೀಡಬೇಕೆನ್ನುತ್ತದೆ. 2015ರಲ್ಲಿ ಭಾರತ ಸರ್ಕಾರವು ತನ್ನ ಕಚೇರಿಗಳಿಗಾಗಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನೂ ಪ್ರಕಟಿಸಿದೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ತೆರೆದು ಮಕ್ಕಳು ನೋಡುವ ದೀಕ್ಷಾ ವೇದಿಕೆಯು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಅಂದರೆ ಮುಕ್ತ ತಂತ್ರಾಂಶವು ಶಾಲೆಯನ್ನು ಈಗಾಗಲೇ ಪ್ರವೇಶಿಸಿದೆ.

5. ಈ ತಾಲ್ಲೂಕುಗಳ ಪಾಠಗಳಲ್ಲಿ ಬಳಕೆ

ಸಾಧನದ ಹೆಸರಿಗಿಂತ ಅದರಿಂದಾಗುವ ಕಲಿಕೆಯನ್ನು ತೋರಿಸಿದಾಗ ಶಿಕ್ಷಕರೂ ಪೋಷಕರೂ ಬೇಗ ಒಪ್ಪುತ್ತಾರೆ. ಕೆಳಗಿನ ಉದಾಹರಣೆಗಳು ಈ ತಾಲ್ಲೂಕುಗಳ ಮಕ್ಕಳಿಗೆ ಪರಿಚಿತವಾದ ಸ್ಥಳಗಳನ್ನೇ ಆಧರಿಸಿವೆ.

ಚನ್ನರಾಯಪಟ್ಟಣ: ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಎತ್ತರ ಸುಮಾರು 58 ಅಡಿ. ಮೂರ್ತಿಯ ಪಾದದ ಮಟ್ಟದಲ್ಲಿ 58 ಅಡಿ ದೂರದಿಂದ ನೋಡಿದರೆ ಶಿರದ ಉನ್ನತ ಕೋನ 45 ಡಿಗ್ರಿ. ದೂರವನ್ನು ಎರಡು ಪಟ್ಟು, ಅಂದರೆ 116 ಅಡಿ ಮಾಡಿದರೆ ಕೋನವು ಅರ್ಧವಾಗಿ ಇಪ್ಪತ್ತೆರಡೂವರೆ ಡಿಗ್ರಿ ಆಗುವುದೆಂದು ಅನೇಕ ಮಕ್ಕಳು ಭಾವಿಸುತ್ತಾರೆ. ಜಿಯೋಜೀಬ್ರಾದಲ್ಲಿ ಬಿಂದುವನ್ನು ಎಳೆದು ನೋಡಿದಾಗ ಅದು ಸುಮಾರು 26.6 ಡಿಗ್ರಿ ಎಂದು ತಾವೇ ಕಾಣುತ್ತಾರೆ. ಏಕೆಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿಯ ಪಾಠವೂ ಅಲ್ಲಿಂದಲೇ ಆರಂಭವಾಗಬಹುದು. ಜಿಯೋಜೀಬ್ರಾವನ್ನು ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದಲ್ಲಿ ರೂಪಿಸಿದರು; ಶಾಲಾ ಬಳಕೆಗೆ ಶುಲ್ಕವಿಲ್ಲ, ವಾಣಿಜ್ಯ ಬಳಕೆಗೆ ಮಾತ್ರ ನಿಬಂಧನೆಗಳಿವೆ.

ಹಾಸನ ಮತ್ತು ಹೊಳೆನರಸೀಪುರ: ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ಪ್ರಕಟಿಸುವ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಮಕ್ಕಳು ದಿನವೂ ಲಿಬ್ರೆ ಆಫೀಸ್‌ನ ಲೆಕ್ಕದ ಹಾಳೆಯಲ್ಲಿ ತುಂಬಿ ನಕ್ಷೆ ಎಳೆಯಬಹುದು. ನದಿಯ ದಂಡೆಯಲ್ಲಿರುವ ಹೊಳೆನರಸೀಪುರದ ಮಕ್ಕಳಿಗೆ ಹೊರಹರಿವಿನ ಅಂಕಿ ಏರಿದಾಗ ಊರಿನ ಹೊಳೆಯಲ್ಲಿ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಲೆಕ್ಕದ ಹಾಳೆಯ ಈ ಕೌಶಲ ಮುಂದೆ ಹಾಲಿನ ಸಂಘದ ಲೆಕ್ಕಕ್ಕೂ ಒದಗುತ್ತದೆ, ಸ್ವಸಹಾಯ ಗುಂಪಿನ ಪುಸ್ತಕಕ್ಕೂ ಒದಗುತ್ತದೆ.

ಅರಕಲಗೂಡು: ರಾಮನಾಥಪುರದ ಬಳಿ ಕಾವೇರಿ ಹರಿಯುವ ಈ ತಾಲ್ಲೂಕಿನಲ್ಲಿ ಪ್ರತಿ ಊರಿಗೂ ಕೆರೆ, ಕಟ್ಟೆ, ಕಾಲುವೆಗಳ ಜಾಲವಿದೆ. ಮಕ್ಕಳು ಶಿಕ್ಷಕರೊಂದಿಗೆ ನಡೆದು ಕಾಗದದ ಮೇಲೆ ಗುರುತು ಮಾಡಿಕೊಂಡು, ನಂತರ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಕೆರೆಯ ಹೆಸರನ್ನು ಕನ್ನಡದಲ್ಲಿಯೇ ದಾಖಲಿಸಬಹುದು. ಅದು ಭೂಗೋಳದ ಪಾಠವೂ ಹೌದು, ಪಂಚಾಯತಿಗೆ ಉಪಯುಕ್ತವಾದ ದಾಖಲೆಯೂ ಹೌದು.

ಪ್ರಾಥಮಿಕ ತರಗತಿಗಳಿಗೆ ಟಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶವು ಕನ್ನಡದಲ್ಲಿ ಲಭ್ಯವಿದೆ. ವಿಜ್ಞಾನಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಅನುಕರಣ ಪ್ರಯೋಗಗಳಿವೆ. 2002ರಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಆರಂಭಿಸಿದ ಈ ಯೋಜನೆಯ ಹಲವು ಪ್ರಯೋಗಗಳು ಕನ್ನಡದಲ್ಲಿವೆ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತವೆ. ಅಂತರ್ಜಾಲ ದುರ್ಬಲವಾಗಿರುವ ಊರುಗಳಲ್ಲಿ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಪೂರ್ತಿಯಾಗಿ ಯಂತ್ರದಲ್ಲಿ ಇರಿಸಿಕೊಂಡು ಓದಬಹುದು.

6. ಒಪ್ಪಿಗೆಗೆ ಅಡ್ಡಿಯಾಗುವ ಸಂಶಯಗಳು

ಮುಖ್ಯೋಪಾಧ್ಯಾಯರು ಅಥವಾ ಶಿಕ್ಷಕರು ಹಿಂಜರಿದಾಗ ಅದನ್ನು ಹಟವೆಂದು ಭಾವಿಸಬಾರದು. ಅವರ ಸಂಶಯಗಳಿಗೆ ಆಧಾರವಿರುತ್ತದೆ. ಪ್ರತಿಯೊಂದಕ್ಕೂ ಏರ್ಪಾಡಿನ ಮೂಲಕ ಉತ್ತರ ನೀಡಬೇಕು.

ಅ) ಪುಕ್ಕಟೆ ಬಂದದ್ದು ಬಾಳಿಕೆ ಬರುವುದೇ? ತಂತ್ರಾಂಶಕ್ಕೆ ಬೆಲೆಯಿಲ್ಲ, ನಿರ್ವಹಣೆಗೆ ಬೆಲೆಯಿದೆ. ಇದನ್ನು ಮೊದಲೇ ಹೇಳುವುದು ಪ್ರಾಮಾಣಿಕತೆ. ಯುಪಿಎಸ್ ಬ್ಯಾಟರಿ, ಕೀಲಿಮಣೆ, ಹೆಚ್ಚುವರಿ ಮೆಮೊರಿ, ದುರಸ್ತಿ ಮಾಡುವವರ ಕೂಲಿ ಇವುಗಳಿಗೆ ವರ್ಷವೂ ಸ್ವಲ್ಪ ಹಣ ಬೇಕು. ಪರವಾನಗಿಗೆ ಉಳಿದ ಹಣ ನಿರ್ವಹಣೆಗೆ ಹೋಗದೆ ಇದ್ದರೆ ಎರಡನೆಯ ವರ್ಷವೇ ಕೊಠಡಿಗೆ ಮತ್ತೆ ಬೀಗ ಬೀಳುತ್ತದೆ.

ಆ) ಕೆಟ್ಟರೆ ಹೊಣೆ ಯಾರದು? ಇದು ಎಲ್ಲಕ್ಕಿಂತ ದೊಡ್ಡ ಅಡ್ಡಿ. ಯಂತ್ರವು ದಾಸ್ತಾನು ವಹಿಯಲ್ಲಿ ಮುಖ್ಯೋಪಾಧ್ಯಾಯರ ಹೊಣೆಯಲ್ಲಿರುತ್ತದೆ. ಅದರಲ್ಲಿದ್ದ ತಂತ್ರಾಂಶವನ್ನು ಅಳಿಸಿ ಬೇರೊಂದನ್ನು ಹಾಕಿದ ಮೇಲೆ ಯಂತ್ರ ಕೆಟ್ಟರೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದವರು ಅವರೇ. ಖಾತರಿ ಅವಧಿಯಲ್ಲಿರುವ ಅಥವಾ ಗುತ್ತಿಗೆಯಡಿ ಇರುವ ಯಂತ್ರಗಳನ್ನು ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಮುಟ್ಟಕೂಡದು. ಉಬುಂಟುವಿನಂತಹ ವ್ಯವಸ್ಥೆಗಳನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಯಂತ್ರದಲ್ಲಿ ಏನನ್ನೂ ಬದಲಿಸದೆ ಪರೀಕ್ಷಿಸಿ ನೋಡಬಹುದು. ಮೊದಲು ಹಾಗೆ ತೋರಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಇ) ಕನ್ನಡದ ಬೆರಳಚ್ಚು ಮತ್ತು ಹಳೆಯ ಕಡತಗಳು ಏನಾಗುತ್ತವೆ? ಸರ್ಕಾರವು ಉಚಿತವಾಗಿ ಹಂಚಿದ ನುಡಿ ತಂತ್ರಾಂಶದ ಕೀಲಿಮಣೆಗೆ ಕೈ ಒಗ್ಗಿದವರಿಗೆ ಅದೇ ವಿನ್ಯಾಸವು ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಿಂದ ದೊರೆಯುತ್ತದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳು ಮಾತ್ರ ಅರ್ಥವಾಗದ ಚಿಹ್ನೆಗಳಾಗಿ ಕಾಣಿಸುತ್ತವೆ. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಬದಲಾವಣೆಗೆ ಮುನ್ನ ಶಾಲೆಯ ಕಡತಗಳ ಪ್ರತಿಯನ್ನು ತೆಗೆದಿರಿಸಿ ಪರಿವರ್ತಿಸುವುದು ಕಡ್ಡಾಯವೆಂದು ತಿಳಿಯಬೇಕು.

ಈ) ಮುಂದೆ ನೌಕರಿಯಲ್ಲಿ ಬೇರೆ ತಂತ್ರಾಂಶವಿದ್ದರೆ ಮಕ್ಕಳಿಗೆ ತೊಂದರೆಯಲ್ಲವೇ? ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಪತ್ರ ಬರೆಯುವುದು, ಲೆಕ್ಕದ ಹಾಳೆಯಲ್ಲಿ ಸೂತ್ರ ಹಾಕುವುದು, ಕಡತಗಳನ್ನು ಒಪ್ಪವಾಗಿ ಇರಿಸುವುದು ಇವೆಲ್ಲ ಯಾವ ತಂತ್ರಾಂಶದಲ್ಲಿ ಕಲಿತರೂ ಇನ್ನೊಂದಕ್ಕೆ ಒಯ್ಯಬಹುದಾದ ಕೌಶಲಗಳು. ಆರನೆಯ ತರಗತಿಯ ಮಗು ನೌಕರಿಗೆ ಸೇರುವ ಹೊತ್ತಿಗೆ ಇಂದಿನ ಯಾವ ತಂತ್ರಾಂಶವೂ ಇದೇ ರೂಪದಲ್ಲಿ ಉಳಿದಿರುವುದಿಲ್ಲ.

7. ಗ್ರಾಮ ಪಂಚಾಯತಿಯ ಅಧಿಕಾರ ಮತ್ತು ಅದರ ಮಿತಿ

ಪಠ್ಯಕ್ರಮ, ಪರೀಕ್ಷೆ, ಶಿಕ್ಷಕರ ನಿಯೋಜನೆ ಇವು ಶಾಲಾ ಶಿಕ್ಷಣ ಇಲಾಖೆಗೆ ಸೇರಿದ ವಿಷಯಗಳು. ಇಂತಹ ತಂತ್ರಾಂಶವನ್ನೇ ಬಳಸಿರೆಂದು ಶಾಲೆಗೆ ಆದೇಶ ನೀಡುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಹಾಗೆ ನೀಡಲು ಹೋದಲ್ಲಿ ಒಪ್ಪಿಗೆಯ ಬದಲು ವಿರೋಧವೇ ಹುಟ್ಟುತ್ತದೆ.

ಆದರೆ ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣವೂ, ಗ್ರಂಥಾಲಯಗಳೂ ಸೇರಿವೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 21ನೇ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳಿಗೆ ಸ್ಥಾನವಿದೆ. ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕೆಲಸ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸುವ ಅವಕಾಶ ಸದಸ್ಯರಿಗಿದೆ.

ಇದಕ್ಕಿಂತ ನೇರವಾದ ಅವಕಾಶವೊಂದಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಇಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಯಲ್ಲಿದ್ದು, ಅರಿವು ಕೇಂದ್ರಗಳೆಂದು ಪರಿಚಿತವಾಗಿವೆ. 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ಆರಂಭವಾದ ಓದುವ ಬೆಳಕು ಅಭಿಯಾನದಿಂದ ಮಕ್ಕಳು ಈ ಕೇಂದ್ರಗಳಿಗೆ ಬರುವ ರೂಢಿ ಬೆಳೆದಿದೆ. ಅನೇಕ ಕೇಂದ್ರಗಳಿಗೆ ಕಂಪ್ಯೂಟರ್‌ಗಳು ಬಂದಿವೆ. ಇಲ್ಲಿ ಯಾವ ತಂತ್ರಾಂಶ ಇರಬೇಕೆಂಬ ಚರ್ಚೆಯನ್ನು ಪಂಚಾಯತಿಯ ಸಭೆಯಲ್ಲಿಯೇ ನಡೆಸಬಹುದು.

ಆದ ಕಾರಣ ಆರಂಭವನ್ನು ಶಾಲೆಯಿಂದಲ್ಲ, ಅರಿವು ಕೇಂದ್ರದಿಂದ ಮಾಡುವುದು ಯುಕ್ತ. ಅಲ್ಲಿ ಮಕ್ಕಳು ಬಳಸುವುದನ್ನು ಶಿಕ್ಷಕರು ಕಣ್ಣಾರೆ ನೋಡಲಿ. ಯಂತ್ರ ಎಷ್ಟು ಬಾರಿ ಕೆಟ್ಟಿತು, ಯಾರು ಸರಿಪಡಿಸಿದರು, ಎಷ್ಟು ಖರ್ಚಾಯಿತು ಎಂಬ ದಾಖಲೆ ಇರಲಿ. ಆರು ತಿಂಗಳ ಅಂತಹ ದಾಖಲೆಯು ಮುಖ್ಯೋಪಾಧ್ಯಾಯರಿಗೆ ನೀಡುವ ಧೈರ್ಯವನ್ನು ಯಾವ ಸುತ್ತೋಲೆಯೂ ನೀಡಲಾರದು.

8. ಅನುಸರಿಸಬಹುದಾದ ಹಂತಗಳು

1) ಗಣತಿ: ಅರಿವು ಕೇಂದ್ರದ ಪ್ರತಿ ಯಂತ್ರವನ್ನು ಚಾಲೂ ಮಾಡಿಸಿ ಪಟ್ಟಿ ಮಾಡುವುದು. ಯಂತ್ರ ಬಂದ ವರ್ಷ, ಮೆಮೊರಿ, ಈಗಿರುವ ತಂತ್ರಾಂಶ, ಖಾತರಿಯ ಸ್ಥಿತಿ ಇವು ಪಟ್ಟಿಯಲ್ಲಿರಬೇಕು. ಶಾಲೆಯ ಯಂತ್ರಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಕಾರದಿಂದ ಪಡೆಯುವುದು.

2) ಪ್ರಾತ್ಯಕ್ಷಿಕೆ: ತರಬೇತಿ ಪಡೆದ ಶಿಕ್ಷಕರೊಬ್ಬರನ್ನು ಆಹ್ವಾನಿಸಿ, ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಮಕ್ಕಳ ಮುಂದೆಯೇ ಒಂದು ಪಾಠ ನಡೆಸುವುದು. ಕಡಿಮೆ ಮೆಮೊರಿಯ ಹಳೆಯ ಯಂತ್ರಗಳಿಗೆ ಹಗುರವಾದ ಆವೃತ್ತಿಗಳನ್ನು ಆರಿಸುವುದು.

3) ಹೊಣೆಗಾರಿಕೆ: ಕೇಂದ್ರದ ಮೇಲ್ವಿಚಾರಕರಿಗೆ ಎರಡು ಮೂರು ದಿನಗಳ ಅಭ್ಯಾಸ ಒದಗಿಸುವುದು. ಅವರ ಜೊತೆಗೆ ಊರಿನಲ್ಲಿಯೇ ಇರುವ, ಕಂಪ್ಯೂಟರ್ ಬಲ್ಲ ಇಬ್ಬರು ಯುವಕ ಯುವತಿಯರನ್ನು ಸಹಾಯಕ್ಕೆ ಗೊತ್ತುಪಡಿಸುವುದು. ಒಬ್ಬರನ್ನೇ ನಂಬಿದರೆ ಅವರು ಊರು ಬಿಟ್ಟ ದಿನ ಕೆಲಸ ನಿಲ್ಲುತ್ತದೆ.

4) ಅನುದಾನ: ನಿರ್ವಹಣೆಯ ವೆಚ್ಚವನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಪ್ರತ್ಯೇಕ ಬಾಬಾಗಿ ಸೇರಿಸುವುದು. ಯಾವ ಅನುದಾನದಿಂದ ಭರಿಸಬಹುದೆಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಚಾಲ್ತಿಯಲ್ಲಿರುವ ಮಾರ್ಗಸೂಚಿಯಂತೆ ಖಚಿತಪಡಿಸತಕ್ಕದ್ದು.

5) ದಾಖಲೆ: ಬಂದ ಮಕ್ಕಳು, ಮಾಡಿದ ಕೆಲಸ, ಬಂದ ದೋಷ, ಆದ ಖರ್ಚು ಇವುಗಳ ವಹಿ ಇಡುವುದು. ವಹಿಯಲ್ಲಿ ಹೆಣ್ಣುಮಕ್ಕಳ ಹಾಜರಾತಿಯನ್ನು ಪ್ರತ್ಯೇಕವಾಗಿ ಬರೆಯುವುದು. ಸಂಜೆಯ ಹೊತ್ತು ಮಾತ್ರ ಕೇಂದ್ರ ತೆರೆದಿದ್ದರೆ ಅವರು ಬಾರದಿರುವುದು ಆಗ ಕಾಣುತ್ತದೆ.

6) ಶಾಲೆಗೆ ವಿಸ್ತರಣೆ: ಆರು ತಿಂಗಳ ನಂತರ ಈ ವಹಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿರಿಸಿ, ಸಮಿತಿ ಒಪ್ಪಿದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು, ಮೊದಲು ಒಂದೆರಡು ಯಂತ್ರಗಳಲ್ಲಿ ಅಳವಡಿಸುವುದು. ಎಲ್ಲ ಯಂತ್ರಗಳನ್ನೂ ಒಮ್ಮೆಲೇ ಬದಲಿಸಕೂಡದು.

ಪ್ರತಿ ವರ್ಷದ ಮಕ್ಕಳ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುವುದು ಅಪೇಕ್ಷಣೀಯ. ಕೊಠಡಿ ತೆರೆದಿತ್ತೇ ಇಲ್ಲವೇ ಎಂಬುದಕ್ಕೆ ಮಕ್ಕಳಿಗಿಂತ ಉತ್ತಮ ಸಾಕ್ಷಿಗಳಿಲ್ಲ.

9. ಮಾದರಿ ನಿರ್ಣಯ

ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದಾದ ಕರಡನ್ನು ಕೆಳಗೆ ನೀಡಲಾಗಿದೆ.

ವಿಷಯ: ಅರಿವು ಕೇಂದ್ರದ ಕಂಪ್ಯೂಟರ್‌ಗಳಲ್ಲಿ ಮುಕ್ತ ಶೈಕ್ಷಣಿಕ ತಂತ್ರಾಂಶವನ್ನು ಪ್ರಾಯೋಗಿಕವಾಗಿ ಬಳಸುವ ಬಗ್ಗೆ.

ಸದರಿ ವಿಷಯವನ್ನು ಸಭೆಯಲ್ಲಿ ಚರ್ಚಿಸಲಾಯಿತು. ಕೇಂದ್ರದಲ್ಲಿರುವ ಯಂತ್ರಗಳ ಪೈಕಿ ಖಾತರಿ ಅವಧಿ ಮುಗಿದಿರುವ ಯಂತ್ರಗಳಲ್ಲಿ, ಇರುವ ಕಡತಗಳ ಪ್ರತಿಯನ್ನು ತೆಗೆದಿರಿಸಿಕೊಂಡು, ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಮತ್ತು ಕನ್ನಡದಲ್ಲಿ ಲಭ್ಯವಿರುವ ಶೈಕ್ಷಣಿಕ ತಂತ್ರಾಂಶಗಳನ್ನು ಆರು ತಿಂಗಳ ಅವಧಿಗೆ ಪ್ರಾಯೋಗಿಕವಾಗಿ ಅಳವಡಿಸಲು ತೀರ್ಮಾನಿಸಲಾಯಿತು. ನಿರ್ವಹಣಾ ವೆಚ್ಚವನ್ನು ಮಾರ್ಗಸೂಚಿಯಂತೆ ಭರಿಸಲು, ಬಳಕೆಯ ವಹಿಯನ್ನು ಪ್ರತಿ ಸಾಮಾನ್ಯ ಸಭೆಗೆ ಮಂಡಿಸಲು, ಮಕ್ಕಳ ವೈಯಕ್ತಿಕ ವಿವರಗಳನ್ನು ಕೇಳುವ ಯಾವುದೇ ಆ್ಯಪ್ ಅನ್ನು ಸಭೆಯ ಒಪ್ಪಿಗೆಯಿಲ್ಲದೆ ಅಳವಡಿಸದಿರಲು, ಹಾಗೂ ಅವಧಿಯ ಕೊನೆಯಲ್ಲಿ ಫಲಿತಾಂಶವನ್ನು ವ್ಯಾಪ್ತಿಯ ಶಾಲಾ ಸಮಿತಿಗಳಿಗೆ ಕಳುಹಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.

10. ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ವ್ಯಾಪ್ತಿಯ ಶಾಲೆಗಳ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ? ಕಳೆದ ತಿಂಗಳು ಅದು ಎಷ್ಟು ದಿನ ತೆರೆದಿತ್ತು?

2) ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಸಾಧ್ಯವಾದುದಕ್ಕೆ ಯಾವ ಮೂರು ಏರ್ಪಾಡುಗಳು ಕಾರಣ? ಅವುಗಳಲ್ಲಿ ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಯಾವುದನ್ನು ಮಾಡಬಹುದು, ಯಾವುದನ್ನು ಮಾಡಲಾಗದು?

3) ಮುಖ್ಯೋಪಾಧ್ಯಾಯರು ಹೊಣೆಗಾರಿಕೆಯ ಪ್ರಶ್ನೆ ಎತ್ತಿದರೆ ಸದಸ್ಯರು ಯಾವ ಲಿಖಿತ ಭರವಸೆ ನೀಡಬಲ್ಲರು?

4) ಉಚಿತ ಪಾಠದ ಆ್ಯಪ್ ನೀಡಲು ಬಂದ ಪ್ರತಿನಿಧಿಗೆ ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿ.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಶಾಲೆಗೆ ಹೋಗಿ ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಬರೆದು ತರುವುದು. ಉಳಿದ ಚರ್ಚೆಯು ಆ ಉತ್ತರಗಳಿಂದ ಆರಂಭವಾಗತಕ್ಕದ್ದು.